ನೀರಿನ ಮೇಲಣ ಬಿಸಿಲು

ಬೀದರ ಜಿಲ್ಲೆಯ ಬಸವಕಲ್ಯಾಣದ ಮಗ್ಗುಲಲ್ಲಿ ನಾರಾಯಣಪುರವೆಂಬ ಹಳ್ಳಿಯಿದೆ. ಕಲ್ಯಾಣದ ಚಾಲುಕ್ಯರ ಕಾಲದ ಶಿವಾಲಯವೊಂದು ಅಲ್ಲಿ ಇಂದಿಗೂ ನಿಂತಿದೆ. ಶಿಲ್ಪಕಲೆಯಲ್ಲಿ ಆಸಕ್ತಿಯುಳ್ಳವರು ಅದನ್ನು ನೋಡಲು ಹೋಗುತ್ತಾರೆ. ವಿಜ್ಞಾನದಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಯು ಮೇ ತಿಂಗಳ ಎರಡನೆಯ ವಾರದಲ್ಲಿ, ಮಧ್ಯಾಹ್ನ ಹನ್ನೆರಡು ಗಂಟೆ ಇಪ್ಪತ್ತು ನಿಮಿಷದ ಸುಮಾರಿಗೆ, ಅಲ್ಲಿಗೆ ಹೋದರೆ ಬೇರೊಂದು ನೋಟವನ್ನು ಕಾಣಬಹುದು. ಬಯಲಿನಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ಆಗ ನೆರಳೇ ಇರುವುದಿಲ್ಲ. ಸೂರ್ಯನು ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಈ ಊರು ಭೂಮಧ್ಯರೇಖೆಯಿಂದ ಉತ್ತರಕ್ಕೆ 18 ಡಿಗ್ರಿಗೆ ತುಸು ಕಡಿಮೆ ಅಕ್ಷಾಂಶದಲ್ಲಿರುವುದರಿಂದ ಇಂಥ ನೆರಳಿಲ್ಲದ ಮಧ್ಯಾಹ್ನ ವರ್ಷಕ್ಕೆ ಎರಡು ಸಲ ಬರುತ್ತದೆ: ಒಮ್ಮೆ ಸೂರ್ಯನು ಉತ್ತರಕ್ಕೆ ಸಾಗುವಾಗ ಮೇ ತಿಂಗಳಿನಲ್ಲಿ, ಇನ್ನೊಮ್ಮೆ ಅವನು ಮರಳುವಾಗ ಆಗಸ್ಟ್ ತಿಂಗಳ ಮೊದಲ ದಿನಗಳಲ್ಲಿ. ಎರಡನೆಯದನ್ನು ಬಹುಮಟ್ಟಿಗೆ ಮಳೆಗಾಲದ ಮೋಡಗಳು ಮರೆಮಾಡಿಬಿಡುತ್ತವೆ. ಮೊದಲನೆಯದನ್ನು ಮರೆಮಾಡುವ ಮೋಡಗಳು ವಿರಳ.

ಅಂಥ ದಿನ ಬಸವಕಲ್ಯಾಣದ ತ್ರಿಪುರಾಂತಕ ಕೆರೆಯಂಥ ಒಂದು ಜಲಾಶಯದ ಮೇಲೆ ತೆಪ್ಪದಲ್ಲಿ ಕುಳಿತು ಬಲೆ ಬೀಸುವವನನ್ನು ನೆನೆದುಕೊಳ್ಳಿ. ಸುತ್ತಲೂ ನೀರು, ಮೇಲೆ ತೆರೆದ ಆಕಾಶ, ಮರದ ನೆರಳಾಗಲಿ ಗೋಡೆಯ ಮರೆಯಾಗಲಿ ಇಲ್ಲ. ನೀರಿನ ಮೇಲಿಂದ ಬೀಸುವ ಗಾಳಿ ತಂಪಾಗಿದೆ. ಮೈಮೇಲಿನ ಬಟ್ಟೆ ಒದ್ದೆಯಾಗಿದೆ. ದಡದ ಕಪ್ಪುಕಲ್ಲಿನ ಮೇಲೆ ನಿಂತವನಿಗಿಂತ ತಾನೇ ಸುಖವಾಗಿದ್ದೇನೆಂದು ಅವನಿಗೆ ಅನ್ನಿಸುತ್ತದೆ. ರಜೆಯಲ್ಲಿ ಗಾಳ ಹಿಡಿದು ಕೆರೆಯ ಏರಿಯ ಮೇಲೆ ಕುಳಿತ ಹುಡುಗನಿಗೂ ಹಾಗೆಯೇ. ಆದರೆ ಅಂದು ರಾತ್ರಿ ಮಲಗಿದಾಗ ಹೆಗಲು ಮತ್ತು ಕತ್ತಿನ ಹಿಂಭಾಗ ಉರಿಯತೊಡಗುತ್ತವೆ. ಮರುದಿನ ಚರ್ಮ ಕೆಂಪೇರಿ ಅಥವಾ ಕಂದಿ ಬಿಗಿದುಕೊಳ್ಳುತ್ತದೆ. ಕೆಲವು ದಿನಗಳಲ್ಲಿ ಸಿಪ್ಪೆಯೇಳುತ್ತದೆ. ಹಗಲೆಲ್ಲ ತಂಪಾಗಿದ್ದವನ ಮೈ ಸುಟ್ಟದ್ದು ಹೇಗೆ? ಸುಡುವಾಗ ಅವನಿಗೆ ಅದು ತಿಳಿಯಲಿಲ್ಲವೇಕೆ?

ಎರಡು ಪ್ರಯೋಗಗಳು

ಈ ಪ್ರಶ್ನೆಗೆ ಉತ್ತರವು ಎರಡು ಹಳೆಯ ಪ್ರಯೋಗಗಳಲ್ಲಿ ಅಡಗಿದೆ. 1800 ರಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳಜ್ಞನು ಸೂರ್ಯನ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿ, ಬಣ್ಣಬಣ್ಣದ ಪಟ್ಟಿಯಲ್ಲಿ ಉಷ್ಣಮಾಪಕಗಳನ್ನಿರಿಸಿ ನೋಡಿದನು. ಕೆಂಪು ಬಣ್ಣ ಮುಗಿದ ಮೇಲೆ, ಕಣ್ಣಿಗೆ ಏನೂ ಕಾಣದ ಎಡೆಯಲ್ಲಿ, ಪಾದರಸವು ಎಲ್ಲಕ್ಕಿಂತ ಮೇಲಕ್ಕೇರಿತು. ಅಲ್ಲಿ ಕಾಣದ ಕಿರಣಗಳಿದ್ದವು. ಅವನ್ನು ನಾವು ಇಂದು ಅವಕೆಂಪು ಕಿರಣಗಳೆಂದು ಕರೆಯುತ್ತೇವೆ. ಮರುವರ್ಷ, 1801 ರಲ್ಲಿ, ಯೋಹಾನ್ ವಿಲ್ಹೆಲ್ಮ್ ರಿಟ್ಟರ್ ಎಂಬ ಜರ್ಮನ್ ವಿಜ್ಞಾನಿಯು ಪಟ್ಟಿಯ ಇನ್ನೊಂದು ತುದಿಯನ್ನು ಪರೀಕ್ಷಿಸಿದನು. ಬೆಳಕು ಬಿದ್ದರೆ ಕಪ್ಪಾಗುವ ಬೆಳ್ಳಿಯ ಕ್ಲೋರೈಡು ನೇರಿಳೆ ಬಣ್ಣದಾಚೆಯ ಕತ್ತಲಲ್ಲಿ ಅತ್ಯಂತ ಬೇಗನೆ ಕಪ್ಪಾಯಿತು. ಅಲ್ಲಿದ್ದವು ಅತಿನೇರಿಳೆ ಕಿರಣಗಳು.

ಹೀಗೆ ಒಂದನ್ನು ಕಂಡುಹಿಡಿದದ್ದು ಉಷ್ಣಮಾಪಕ, ಇನ್ನೊಂದನ್ನು ಕಂಡುಹಿಡಿದದ್ದು ರಾಸಾಯನಿಕ ಲವಣ. ನಮ್ಮ ಚರ್ಮದಲ್ಲಿ ಈ ಎರಡು ಕೆಲಸಗಳೂ ನಡೆಯುತ್ತವೆ. ಅವಕೆಂಪು ಕಿರಣಗಳು ಮತ್ತು ಕಾಣುವ ಬೆಳಕು ಚರ್ಮವನ್ನು ಬಿಸಿಮಾಡುತ್ತವೆ. ಅದನ್ನು ನರಗಳು ಕೂಡಲೇ ಮಿದುಳಿಗೆ ತಿಳಿಸುತ್ತವೆ. ಅತಿನೇರಿಳೆ ಕಿರಣಗಳು ಬಿಸಿಮಾಡುವುದು ತೀರ ಅಲ್ಪ. ಅವು ಮಾಡುವುದು ರಾಸಾಯನಿಕ ಕೆಲಸ, ಮತ್ತು ಅದನ್ನು ಆಗಿಂದಾಗಲೇ ತಿಳಿಸುವ ನರವು ನಮಗಿಲ್ಲ. ತಂಪು ಗಾಳಿಯೂ ಒದ್ದೆ ಬಟ್ಟೆಯೂ ಮೊದಲನೆಯ ಎಚ್ಚರಿಕೆಯನ್ನು ಅಳಿಸಿಬಿಡುತ್ತವೆ. ಎರಡನೆಯ ಕೆಲಸವನ್ನು ತಡೆಯುವುದಿಲ್ಲ. ಉರಿ ಕಾಣಿಸಿಕೊಳ್ಳುವುದು ನಾಲ್ಕಾರು ಗಂಟೆಗಳ ಮೇಲೆ. ಅದು ಮಿತಿಮುಟ್ಟುವುದು ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಗಳಲ್ಲಿ. ಬಿಸಿಲ ಸೆಕೆ ಬೇರೆ, ಬಿಸಿಲ ಸುಡುವಿಕೆ ಬೇರೆ ಎಂಬ ಈ ಒಂದು ಮಾತನ್ನು ಮನದಟ್ಟು ಮಾಡಿಕೊಂಡರೆ ಉಳಿದುದೆಲ್ಲ ಸುಲಭವಾಗಿ ತಿಳಿಯುತ್ತದೆ.

ಆಕಾಶವೂ ಸುಡುತ್ತದೆ

ಅತಿನೇರಿಳೆ ಕಿರಣಗಳನ್ನು ಅವುಗಳ ಅಲೆಯುದ್ದಕ್ಕೆ ತಕ್ಕಂತೆ ಎ, ಬಿ, ಸಿ ಎಂದು ಮೂರು ಗುಂಪುಗಳಾಗಿ ವಿಂಗಡಿಸುತ್ತಾರೆ. ಇಲ್ಲಿ ಅಳತೆಯ ಮಾನ ನ್ಯಾನೊಮೀಟರ್, ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಪಾಲು. 315 ರಿಂದ 400 ರವರೆಗಿನವು ಎ. 280 ರಿಂದ 315 ರವರೆಗಿನವು ಬಿ. ಅದಕ್ಕಿಂತ ಗಿಡ್ಡನೆಯವು ಸಿ. ಸಿ ಗುಂಪಿನ ಕಿರಣಗಳೇ ಅತ್ಯಂತ ಘಾತಕವಾದವು. ಆದರೆ ಅವು ನಮ್ಮನ್ನು ಮುಟ್ಟುವುದೇ ಇಲ್ಲ. ವಾಯುಮಂಡಲದ ಮೇಲಣ ಓಜೋನ್ ಮತ್ತು ಆಮ್ಲಜನಕಗಳು ಅವನ್ನು ಪೂರ್ತಿಯಾಗಿ ಹೀರಿಬಿಡುತ್ತವೆ. ಬಿ ಗುಂಪಿನ ಬಹುಭಾಗವನ್ನೂ ಓಜೋನ್ ತಡೆಯುತ್ತದೆ. ಈ ಓಜೋನನ್ನೆಲ್ಲ ನೆಲಮಟ್ಟದ ಒತ್ತಡಕ್ಕೆ ತಂದು ಹಾಸಿದರೆ ಅದರ ದಪ್ಪ ಸುಮಾರು 3 ಮಿಲಿಮೀಟರ್ ಮಾತ್ರ. ನಮ್ಮಂಥ ಉಷ್ಣವಲಯದ ನಾಡುಗಳ ಮೇಲೆ ಅದಕ್ಕಿಂತಲೂ ತುಸು ಕಡಿಮೆ. ಕೊನೆಗೆ ನೆಲವನ್ನು ಮುಟ್ಟುವ ಅತಿನೇರಿಳೆಯಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಎ, ಉಳಿದದ್ದು ಬಿ. ಆದರೆ ಚರ್ಮವನ್ನು ಸುಡುವುದರಲ್ಲಿ ಆ ಐದು ಪಾಲಿನ ಬಿ ಕಿರಣಗಳದೇ ಮೇಲುಗೈ.

ಕೆರೆಯ ನಡುವೆ ಇರುವವನಿಗೆ ಬಿಸಿಲು ಹೆಚ್ಚು ತಾಗುವುದು ನೀರು ಕನ್ನಡಿಯಂತೆ ಅದನ್ನು ಪ್ರತಿಫಲಿಸುವುದರಿಂದ ಎಂದು ಅನೇಕರು ತಿಳಿದಿದ್ದಾರೆ. ಇದು ಅರೆಸತ್ಯ. ಸೂರ್ಯನು ಎತ್ತರದಲ್ಲಿರುವಾಗ ಶಾಂತವಾದ ನೀರು ತನ್ನ ಮೇಲೆ ಬಿದ್ದ ಅತಿನೇರಿಳೆಯಲ್ಲಿ ಹತ್ತನೆಯ ಒಂದು ಪಾಲನ್ನೂ ಹಿಂದಿರುಗಿಸುವುದಿಲ್ಲ. ಹೊಸದಾಗಿ ಬಿದ್ದ ಹಿಮವು ನೂರಕ್ಕೆ ಎಂಬತ್ತರವರೆಗೂ, ಒಣ ಮರಳು ನೂರಕ್ಕೆ ಹದಿನೈದರಷ್ಟೂ ಹಿಂದಿರುಗಿಸುತ್ತವೆ. ಹಾಗಾದರೆ ನಿಜವಾದ ಕಾರಣ ಯಾವುದು? ತೆರೆದ ಆಕಾಶ.

ಗಾಳಿಯ ಅಣುಗಳು ಬೆಳಕನ್ನು ಎಲ್ಲ ದಿಕ್ಕುಗಳಿಗೂ ಚದರಿಸುತ್ತವೆ. ಅಲೆಯುದ್ದವು ಅರ್ಧವಾದರೆ ಚದರಿಕೆಯು ಹದಿನಾರು ಪಟ್ಟಾಗುತ್ತದೆ ಎಂಬುದು ಲಾರ್ಡ್ ರ‍್ಯಾಲೆ ಕಂಡುಕೊಂಡ ನಿಯಮ. ಆಕಾಶವು ನೀಲಿಯಾಗಿ ಕಾಣುವುದು ಇದರಿಂದಲೇ. ನೀಲಿಗಿಂತಲೂ ಗಿಡ್ಡನೆಯ ಅಲೆಗಳಾದ ಅತಿನೇರಿಳೆ ಕಿರಣಗಳು ಇನ್ನೂ ಹೆಚ್ಚಾಗಿ ಚದರುತ್ತವೆ. ನಮ್ಮ ಕಣ್ಣುಗಳು ಬಿ ಗುಂಪಿನ ಕಿರಣಗಳನ್ನು ಕಾಣಬಲ್ಲವಾಗಿದ್ದರೆ ಸೂರ್ಯನ ಬಿಂಬವೊಂದೇ ಅಲ್ಲ, ಇಡೀ ಆಕಾಶವೇ ಧಗಧಗಿಸುತ್ತಿರುವಂತೆ ತೋರುತ್ತಿತ್ತು. ಊರಿನ ಬೀದಿಯಲ್ಲಿ ನಡೆಯುವವನಿಗೆ ಮನೆಗಳೂ ಮರಗಳೂ ಈ ಆಕಾಶದ ದೊಡ್ಡ ಭಾಗವನ್ನು ಮರೆಮಾಡುತ್ತವೆ. ಕೆರೆಯ ನಡುವೆ ಇರುವವನಿಗೆ ದಿಗಂತದಿಂದ ದಿಗಂತದವರೆಗೆ ಆಕಾಶವೆಲ್ಲ ತೆರೆದಿರುತ್ತದೆ. ತೆಳುವಾದ ಮೋಡ ಕವಿದರೂ ಹೆಚ್ಚಿನ ಕಿರಣಗಳು ಅದನ್ನು ತೂರಿ ಬರುತ್ತವೆ. ತಿಳಿನೀರಿನಲ್ಲಿ ಅರ್ಧ ಮೀಟರ್ ಆಳದಲ್ಲಿಯೂ ಮೇಲ್ಮೈಯ ಅತಿನೇರಿಳೆಯಲ್ಲಿ ನೂರಕ್ಕೆ ನಲವತ್ತರಷ್ಟು ಉಳಿದಿರುತ್ತದೆ. ಮೊಣಕಾಲಷ್ಟು ನೀರಿನಲ್ಲಿ ನಿಂತವನ ಕಾಲಿಗೂ ಪೂರ್ಣ ರಕ್ಷಣೆಯಿಲ್ಲ.

ಚರ್ಮದೊಳಗಿನ ಕೊಡೆ

ಈ ಕಿರಣಗಳು ಚರ್ಮದಲ್ಲಿ ಮಾಡುವುದೇನು? ಪ್ರತಿಯೊಂದು ಜೀವಕೋಶದ ಕೇಂದ್ರದಲ್ಲಿಯೂ ಡಿ.ಎನ್.ಎ. ಎಂಬ ಎಳೆಯಿದೆ, ಕೋಶವು ಹೇಗೆ ಬಾಳಬೇಕು, ಯಾವಾಗ ಒಡೆದು ಎರಡಾಗಬೇಕು ಎಂಬ ಆದೇಶವೆಲ್ಲ ಅದರಲ್ಲಿ ಬರೆದಿದೆ. ಬಿ ಗುಂಪಿನ ಕಿರಣವು ಈ ಎಳೆಯಲ್ಲಿ ಅಕ್ಕಪಕ್ಕದಲ್ಲಿರುವ ಎರಡು ಥೈಮಿನ್ ಘಟಕಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಪುಸ್ತಕದ ಎರಡು ಹಾಳೆಗಳು ಅಂಟಿಕೊಂಡರೆ ಓದು ಹೇಗೆ ತಪ್ಪುವುದೋ ಹಾಗೆಯೇ ಇಲ್ಲಿಯೂ ಆಗುತ್ತದೆ. ಕೋಶದಲ್ಲಿ ಇಂಥ ತಪ್ಪುಗಳನ್ನು ಕತ್ತರಿಸಿ ತೆಗೆದು ಸರಿಪಡಿಸುವ ಕಿಣ್ವಗಳಿವೆ. ಡಿ.ಎನ್.ಎ. ದುರಸ್ತಿಯ ಬಗೆಗಳನ್ನು ಅರಿತುದಕ್ಕಾಗಿ ತೋಮಸ್ ಲಿಂಡಾಲ್, ಪಾಲ್ ಮೋಡ್ರಿಚ್, ಅಜೀಜ್ ಸಂಜಾರ್ ಎಂಬ ಮೂವರಿಗೆ 2015 ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ದುರಸ್ತಿಯ ಕೆಲಸಕ್ಕೆ ಕಾಲ ಬೇಕು. ಹಾನಿ ಮಿತಿಮೀರಿದರೆ ಕೋಶಗಳು ಸಾಯುತ್ತವೆ; ರಕ್ತನಾಳಗಳು ಹಿಗ್ಗಿ ಚರ್ಮ ಕೆಂಪೇರಿ ಉರಿಯುತ್ತದೆ. ವರ್ಷಗಟ್ಟಲೆ ದುರಸ್ತಿಯಾಗದೆ ಉಳಿದ ತಪ್ಪುಗಳು ಕೂಡಿಕೊಂಡರೆ ಕೆಲವರಲ್ಲಿ ಅರ್ಬುದಕ್ಕೆ ದಾರಿಯಾಗುತ್ತದೆ. ಎ ಗುಂಪಿನ ಕಿರಣಗಳು ಇನ್ನೂ ಆಳಕ್ಕಿಳಿದು ಒಳಚರ್ಮದ ನಾರುಗಳನ್ನು ಸಡಿಲಿಸಿ ಅಕಾಲದಲ್ಲಿ ಸುಕ್ಕನ್ನು ತರುತ್ತವೆ.

ಪ್ರಕೃತಿಯು ಇದಕ್ಕೆ ಪ್ರತಿಯಾಗಿ ಒಂದು ಕೊಡೆಯನ್ನು ಕೊಟ್ಟಿದೆ. ಹೊರಚರ್ಮದ ತಳದಲ್ಲಿರುವ ಕೆಲವು ಕೋಶಗಳು ಮೆಲನಿನ್ ಎಂಬ ಕಂದುಬಣ್ಣದ ವರ್ಣಕವನ್ನು ತಯಾರಿಸಿ ನೆರೆಯ ಕೋಶಗಳಿಗೆ ಹಂಚುತ್ತವೆ. ಆ ಕೋಶಗಳು ಅದನ್ನು ತಮ್ಮ ಕೇಂದ್ರದ ಮೇಲೆ, ಬಿಸಿಲು ಬೀಳುವ ಕಡೆಗೆ, ಟೊಪ್ಪಿಗೆಯಂತೆ ಕವಿಸಿಕೊಳ್ಳುತ್ತವೆ. ಬಿಳಿಯ ಹೊರಚರ್ಮವನ್ನು ದಾಟಿ ಒಳಹೋಗುವ ಬಿ ಕಿರಣಗಳಿಗೆ ಹೋಲಿಸಿದರೆ ಕಡುಗಪ್ಪು ಚರ್ಮವನ್ನು ದಾಟುವುದು ಅದರ ನಾಲ್ಕರಲ್ಲೊಂದು ಪಾಲಿನಷ್ಟು. ನಮ್ಮ ದೇಶದಲ್ಲಿ ಚರ್ಮದ ಅರ್ಬುದವು ವಿರಳವಾಗಿರುವುದು ಬಹುಮಟ್ಟಿಗೆ ಈ ವರ್ಣಕದ ದಯೆಯಿಂದ. ಕೆರೆಯ ಬಿಸಿಲಲ್ಲಿ ಕಪ್ಪಾದೆನೆಂದು ನಾಚಿಕೊಳ್ಳುವ ತರುಣ ತರುಣಿಯರು ಇದನ್ನು ನೆನಪಿನಲ್ಲಿಡಬೇಕು. ಆ ಬಣ್ಣವು ಕಲೆಯಲ್ಲ, ಕೊಡೆ. ಬೆಳ್ಳಗಾಗುವ ಆಸೆಯಿಂದ ವೈದ್ಯರ ಸಲಹೆಯಿಲ್ಲದೆ ಹಚ್ಚಿಕೊಳ್ಳುವ ಮುಲಾಮುಗಳಲ್ಲಿ ಕೆಲವು ಸ್ಟೀರಾಯ್ಡುಗಳನ್ನು ಒಳಗೊಂಡಿದ್ದು ಚರ್ಮವನ್ನೇ ತೆಳುವಾಗಿಸುತ್ತವೆ.

ಆದರೆ ಕೊಡೆಯಿದೆಯೆಂದು ಮಳೆಯಲ್ಲಿ ದಿನವಿಡೀ ನಿಲ್ಲುವವರುಂಟೆ? ಕಂದುಬಣ್ಣದ ಚರ್ಮವೂ ಸುಡುತ್ತದೆ. ಅದಕ್ಕೆ ಹೆಚ್ಚು ಹೊತ್ತು ಬೇಕು, ಅಷ್ಟೆ. ಮುಖದ ಮೇಲೆ ಬಂಗು ಹೆಚ್ಚುವುದು, ತುಟಿ ಬಿರಿಯುವುದು, ಕಣ್ಣಿಗೆ ಪೊರೆ ಬರುವುದು ಇವು ಬಣ್ಣವನ್ನು ಕೇಳಿಕೊಂಡು ಬರುವುದಿಲ್ಲ. ಇನ್ನು ಮೆಲನಿನ್ನನ್ನು ತಯಾರಿಸಲಾರದೆ ಹುಟ್ಟುವ ಮಕ್ಕಳಿದ್ದಾರೆ. ಅವರ ಕೂದಲೂ ಚರ್ಮವೂ ಬೆಳ್ಳಗಿರುತ್ತವೆ. ತೊನ್ನು ಬಂದವರ ಬಿಳಿಯ ಮಚ್ಚೆಗಳಲ್ಲಿಯೂ ಈ ಕೊಡೆಯಿಲ್ಲ. ಮೀನುಗಾರರ ಅಥವಾ ರೈತರ ಮನೆಯಲ್ಲಿ ಅಂಥ ಮಗು ಹುಟ್ಟಿದರೆ ಅದನ್ನು ಎಲ್ಲರಂತೆ ಬರಿಮೈಯಲ್ಲಿ ಬಿಸಿಲಿಗೆ ಬಿಡುವುದು ಅಪಾಯಕರ. ಅಂಥವರಿಗೆ ಮುಂದೆ ಹೇಳುವ ಎಚ್ಚರಿಕೆಗಳು ಸೌಂದರ್ಯದ ವಿಷಯವಲ್ಲ, ಆಯುಷ್ಯದ ವಿಷಯ.

ನಾವಿಕರು ಕಲಿಸಿದ ಪಾಠ

ಬಿಸಿಲಿಗೂ ಚರ್ಮರೋಗಕ್ಕೂ ಇರುವ ನಂಟನ್ನು ವೈದ್ಯರಿಗೆ ಮೊದಲು ಕಲಿಸಿದವರು ನೀರಿನ ಮೇಲೆ ದುಡಿಯುವವರೇ. ಜರ್ಮನಿಯ ಹ್ಯಾಂಬರ್ಗ್ ಬಂದರಿನ ಚರ್ಮವೈದ್ಯ ಪೌಲ್ ಉನ್ನಾ ಎಂಬಾತನು, ಬಹುಕಾಲ ಹಡಗಿನಲ್ಲಿ ದುಡಿದ ನಾವಿಕರ ಮುಖ ಮತ್ತು ಕೈಗಳ ಮೇಲಿನ ಚರ್ಮವು ಒರಟಾಗಿ, ಬಣ್ಣಗೆಟ್ಟು, ಕೊನೆಗೆ ಅರ್ಬುದಕ್ಕೆ ತಿರುಗುವುದನ್ನು ಕಂಡು 1894 ರಲ್ಲಿ ಅದನ್ನು ‘ನಾವಿಕನ ಚರ್ಮ’ ಎಂಬ ಹೆಸರಿನಿಂದ ವರ್ಣಿಸಿದನು. 1928 ರಲ್ಲಿ ಫಿಂಡ್ಲೆ ಎಂಬ ವಿಜ್ಞಾನಿಯು ಇಲಿಗಳ ಮೇಲೆ ಅತಿನೇರಿಳೆ ಕಿರಣಗಳನ್ನು ಹಾಯಿಸಿ, ಅರ್ಬುದವು ಅವುಗಳಿಂದಲೇ ಹುಟ್ಟಬಲ್ಲುದೆಂದು ತೋರಿಸಿದನು.

ಕಣ್ಣಿನ ವಿಷಯದಲ್ಲಿಯೂ ಪಾಠ ಹೇಳಿದವರು ಮೀನುಗಾರರು. ಅಮೆರಿಕೆಯ ಮೇರಿಲ್ಯಾಂಡ್ ಪ್ರಾಂತದ ಚೆಸಪೀಕ್ ಕೊಲ್ಲಿಯಲ್ಲಿ ಏಡಿ, ಸಿಂಪಿಗಳನ್ನು ಹಿಡಿದು ಬದುಕುವ 838 ಜನರನ್ನು ಪರೀಕ್ಷಿಸಿದ ವೈದ್ಯರು 1988 ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಜೀವಮಾನದಲ್ಲಿ ಕಣ್ಣಿಗೆ ಬಿದ್ದ ಬಿ ಕಿರಣಗಳ ಮೊತ್ತವು ಇಮ್ಮಡಿಯಾದರೆ ಒಂದು ಬಗೆಯ ಕಣ್ಣಿನ ಪೊರೆಯ ಸಂಭವವು 1.6 ಪಟ್ಟಾಗುತ್ತಿತ್ತು. ಟೋಪಿ ಮತ್ತು ಕನ್ನಡಕಗಳ ಬಳಕೆಯಿಂದ ಈ ಮೊತ್ತವನ್ನು ಬಹಳ ತಗ್ಗಿಸಬಹುದು.

ನೆರಳೇ ಗಡಿಯಾರ

ಯಾವ ಹೊತ್ತಿನ ಬಿಸಿಲು ಅಪಾಯಕರ? ಇದನ್ನು ತಿಳಿಯಲು ಯಂತ್ರ ಬೇಡ. ನಿಮ್ಮ ನೆರಳು ಸಾಕು. ನೆರಳು ನಿಮ್ಮ ಎತ್ತರದಷ್ಟೇ ಇದ್ದರೆ ಸೂರ್ಯನು ದಿಗಂತದಿಂದ 45 ಡಿಗ್ರಿ ಮೇಲಿದ್ದಾನೆ ಎಂದು ಅರ್ಥ. ನೆರಳು ಅದಕ್ಕಿಂತ ಗಿಡ್ಡವಾದರೆ ಕಿರಣಗಳು ವಾಯುಮಂಡಲವನ್ನು ಹೆಚ್ಚು ನೇರವಾಗಿ ದಾಟುತ್ತವೆ. ಓಜೋನಿನಲ್ಲಿ ಅವು ಸಾಗುವ ದಾರಿ ಮೊಟಕಾಗುತ್ತದೆ. ಬಿ ಕಿರಣಗಳು ಹೆಚ್ಚುತ್ತವೆ. ಸೂರ್ಯನು 30 ಡಿಗ್ರಿ ಎತ್ತರದಲ್ಲಿದ್ದಾಗ ಈ ದಾರಿಯು ನೆತ್ತಿಯ ಸೂರ್ಯನದಕ್ಕಿಂತ ಸುಮಾರು ಇಮ್ಮಡಿ ಉದ್ದ. ಆದುದರಿಂದ ನೆರಳು ಮೈಗಿಂತ ಗಿಡ್ಡವಾಗಿರುವ ಹೊತ್ತೆಲ್ಲ ಎಚ್ಚರದ ಹೊತ್ತು.

ಬಸವಕಲ್ಯಾಣಕ್ಕೆ ಈ ಲೆಕ್ಕವನ್ನು ಹಾಕಿ ನೋಡೋಣ. ಮೇ ತಿಂಗಳ ನಡುವೆ ಈ ಹೊತ್ತು ಬೆಳಗಿನ ಒಂಬತ್ತರಿಂದ ಮಧ್ಯಾಹ್ನ ಮೂರೂವರೆಯವರೆಗೆ ಇರುತ್ತದೆ. ಡಿಸೆಂಬರ್ 22 ರ ಸುಮಾರಿಗೆ, ಹಗಲು ಅತ್ಯಂತ ಮೋಟಾಗಿರುವಾಗಲೂ, ನಡುಹಗಲ ಸೂರ್ಯನು ಇಲ್ಲಿ 48 ಡಿಗ್ರಿಗಿಂತ ಮೇಲಿರುತ್ತಾನೆ. 160 ಸೆಂಟಿಮೀಟರ್ ಎತ್ತರದ ವಿದ್ಯಾರ್ಥಿಯ ನೆರಳು ಆಗ ಸುಮಾರು 140 ಸೆಂಟಿಮೀಟರ್. ಎಂದರೆ ವರ್ಷದ ಯಾವ ದಿನವೂ ಇಲ್ಲಿ ಸಂಪೂರ್ಣ ನಿರ್ಭಯವಾದ ಮಧ್ಯಾಹ್ನವಿಲ್ಲ. ಚಳಿಗಾಲದಲ್ಲಿ ಎಚ್ಚರದ ಹೊತ್ತು ಎರಡೂವರೆ ಗಂಟೆಗೆ ಕುಗ್ಗುತ್ತದೆ, ಅಷ್ಟೆ. ವಾಚಕರು ತಮ್ಮ ಊರಿನಲ್ಲಿ ತಿಂಗಳಿಗೊಮ್ಮೆ ಈ ಅಳತೆಯನ್ನು ಮಾಡಿ ಬರೆದಿಡಬಹುದು. ಒಂದು ಮೀಟರ್ ಕೋಲು, ಸಮನೆಲ, ಒಂದು ಗಡಿಯಾರ ಇವಿಷ್ಟೇ ಸಾಮಗ್ರಿ.

ಇದನ್ನೇ ಸಂಖ್ಯೆಯಲ್ಲಿ ಹೇಳಲು ಅತಿನೇರಿಳೆ ಸೂಚ್ಯಂಕವೆಂಬುದೊಂದಿದೆ. ಸೂಚ್ಯಂಕ 3 ಕ್ಕೆ ಮೇಲಾದರೆ ರಕ್ಷಣೆ ಬೇಕು. 11 ಮುಟ್ಟಿದರೆ ಅತಿತೀವ್ರ. ದಖ್ಖನಿನ ಬೇಸಗೆಯ ನಡುಹಗಲಿನಲ್ಲಿ ಅದು 11 ನ್ನು ದಾಟುವುದು ಅಪರೂಪವಲ್ಲ. ಸೂಚ್ಯಂಕ 12 ಎಂದರೆ ಸುಡುವ ಶಕ್ತಿಯ ಲೆಕ್ಕದಲ್ಲಿ ಚದರ ಮೀಟರಿಗೆ ಸೆಕೆಂಡಿಗೆ 0.3 ಜೂಲ್. ಬಿಳಿಯ ಚರ್ಮವು ಕೆಂಪೇರಲು ಸುಮಾರು 250 ಜೂಲ್ ಸಾಕು. ಭಾಗಿಸಿ ನೋಡಿದರೆ ಹದಿನಾಲ್ಕು ನಿಮಿಷ! ನಮ್ಮ ಕಂದುಚರ್ಮಕ್ಕೆ ಇದರ ಎರಡು ಮೂರು ಪಟ್ಟು ಕಾಲ ದೊರೆಯಬಹುದು. ಬಲೆ ಬೀಸುವ ಕೆಲಸವಾದರೋ ಗಂಟೆಗಟ್ಟಲೆಯದು.

ಬಟ್ಟೆ, ರುಮಾಲು, ಲೇಪ

ರಕ್ಷಣೆಯ ಉಪಾಯಗಳಲ್ಲಿ ಮೊದಲನೆಯದು ಹೊತ್ತಿನ ಆಯ್ಕೆ. ಸಂಜೆ ಬಲೆ ಬಿಟ್ಟು ಮುಂಜಾನೆ ಎತ್ತುವ ಮೀನುಗಾರರ ಹಳೆಯ ರೂಢಿಯು ಮೀನಿನ ಸ್ವಭಾವವನ್ನು ಅರಿತು ಬಂದದ್ದು; ಅದು ಚರ್ಮಕ್ಕೂ ಹಿತವಾದದ್ದು. ಆದರೆ ಕಾಟ್ಲಾ, ರೋಹುಗಳನ್ನು ಆರಿಸಿ ತೂಗುವುದು, ಬಲೆಯನ್ನು ಒಣಗಿಸಿ ಹೊಲಿಯುವುದು ಮೊದಲಾದ ದಡದ ಕೆಲಸಗಳು ಹೊತ್ತೇರಿದ ಮೇಲೆಯೇ ನಡೆಯುತ್ತವೆ. ಇವನ್ನು ಮರದಡಿಗೆ ಅಥವಾ ಚಪ್ಪರದಡಿಗೆ ಸಾಗಿಸುವುದಕ್ಕೆ ಹೆಚ್ಚು ವೆಚ್ಚವಾಗದು.

ಎರಡನೆಯದು ಬಟ್ಟೆ. ಒತ್ತಾಗಿ ನೆಯ್ದ, ಗಾಢ ಬಣ್ಣದ, ಸಡಿಲವಾದ ತುಂಬುತೋಳಿನ ಅಂಗಿಯು ಉತ್ತಮ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ; ಎಳೆಗಳ ನಡುವೆ ಬೆಳಕು ಧಾರಾಳವಾಗಿ ಕಂಡರೆ ಅತಿನೇರಿಳೆಯೂ ಧಾರಾಳವಾಗಿ ನುಗ್ಗುತ್ತದೆ. ತೆಳ್ಳನೆಯ ಬಿಳಿಯ ಹತ್ತಿಬಟ್ಟೆಯು ಒಣಗಿದ್ದಾಗ ಏಳರಲ್ಲೊಂದು ಪಾಲು ಕಿರಣಗಳನ್ನು ಒಳಬಿಟ್ಟರೆ ಒದ್ದೆಯಾದಾಗ ಮೂರರಲ್ಲೊಂದು ಪಾಲನ್ನು ಬಿಡಬಹುದು. ಎಣ್ಣೆ ಸವರಿದ ಕಾಗದವು ಬೆಳಕಿಗೆ ದಾರಿ ಕೊಡುವಂತೆಯೇ ಇದು. ಮೀನು ಹಿಡಿಯುವವನ ಅಂಗಿ ಒದ್ದೆಯಾಗದಿರುವುದು ಅಪರೂಪವಾದ್ದರಿಂದ ಒಣಗಿದ ಅಂಗಿಯೊಂದನ್ನು ಜೊತೆಗೆ ಒಯ್ಯುವುದು ಲೇಸು.

ನಮ್ಮ ಕಡೆಯ ರುಮಾಲು ನೆತ್ತಿಯನ್ನು ಚೆನ್ನಾಗಿ ಕಾಯುತ್ತದೆ. ಮೂಗು, ಕಿವಿ, ಕತ್ತುಗಳನ್ನು ಕಾಯುವುದಿಲ್ಲ. ಅದರ ಸೆರಗನ್ನು ಹಿಂದಕ್ಕೆ ಇಳಿಬಿಟ್ಟರೆ ಕತ್ತಿಗೂ ಕಿವಿಗೂ ಮರೆಯಾಗುತ್ತದೆ. ಸುತ್ತಲೂ ಏಳೆಂಟು ಸೆಂಟಿಮೀಟರ್ ಅಂಚುಳ್ಳ ಟೋಪಿಯಾದರೆ ಮೂಗಿಗೂ ನೆರಳುಂಟು. ಬೆಳಗು ಬೈಗುಗಳಲ್ಲಿ ಸೂರ್ಯನು ಕೆಳಗಿರುವಾಗ ನೀರು ನಿಜವಾಗಿಯೂ ಕನ್ನಡಿಯಾಗುತ್ತದೆ. ಆ ಬೆಳಕು ಟೋಪಿಯ ಅಂಚಿನ ಕೆಳಗಿನಿಂದ ಕಣ್ಣಿಗೆ ಬೀಳುತ್ತದೆ. ಅದಕ್ಕೆ ಅತಿನೇರಿಳೆಯನ್ನು ತಡೆಯುವ ಕನ್ನಡಕ ಬೇಕು. ಬರಿಯ ಕಪ್ಪುಗಾಜು ಸಾಲದು. ಕಪ್ಪುಗಾಜಿನ ಹಿಂದೆ ಪಾಪೆಯು ಹಿಗ್ಗುವುದರಿಂದ, ಕಿರಣಗಳನ್ನು ತಡೆಯದ ಗಾಜಾದರೆ ಹಾನಿಯೇ ಹೆಚ್ಚು.

ಮೂರನೆಯದು ಲೇಪ. ಬಟ್ಟೆ ಮುಚ್ಚಲಾರದ ಮುಖ, ಮುಂಗೈ, ಪಾದಗಳಿಗೆ ಇದು ಉಪಯುಕ್ತ. ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್‌ಗಳಂಥ ವಸ್ತುಗಳು ಕಿರಣಗಳನ್ನು ಹೀರಿ ಚದರಿಸುತ್ತವೆ. ಡಬ್ಬಿಯ ಮೇಲಿನ ರಕ್ಷಣಾಂಕ 30 ಎಂದಿದ್ದರೆ ಸುಡುವ ಕಿರಣಗಳಲ್ಲಿ ಮೂವತ್ತರಲ್ಲೊಂದು ಪಾಲು ಮಾತ್ರ ಚರ್ಮವನ್ನು ಮುಟ್ಟುತ್ತದೆ. ಆದರೆ ಆ ಅಂಕವು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಅಳೆದದ್ದು. ಜನರು ಹಚ್ಚುವುದು ಸಾಮಾನ್ಯವಾಗಿ ಅದರ ಅರ್ಧಕ್ಕೂ ಕಡಿಮೆ. ನೀರಿಗೂ ಬೆವರಿಗೂ ಅದು ತೊಳೆದುಹೋಗುವುದರಿಂದ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ದಿನಗೂಲಿಯವನಿಗೆ ಇದು ದುಬಾರಿಯೇ ಸರಿ. ಅಂಥವನಿಗೆ ಒಳ್ಳೆಯ ಅಂಗಿ ಮತ್ತು ರುಮಾಲು ಲೇಪಕ್ಕಿಂತ ಮಿಗಿಲು, ಅವು ತೊಳೆದುಹೋಗುವುದಿಲ್ಲ.

ಮೈ ಸುಟ್ಟೇಬಿಟ್ಟರೆ ನೆರಳಿಗೆ ಬಂದು, ತಣ್ಣೀರಿನ ಬಟ್ಟೆಯನ್ನು ಹೊದಿಸಿ, ಸಾಕಷ್ಟು ನೀರನ್ನೋ ಮಜ್ಜಿಗೆಯನ್ನೋ ಕುಡಿಯಬೇಕು. ಬೊಕ್ಕೆಗಳನ್ನು ಒಡೆಯಬಾರದು. ಜ್ವರ, ವಾಂತಿ, ತಲೆಸುತ್ತುಗಳು ಕಂಡರೆ ವೈದ್ಯರಲ್ಲಿಗೆ ಹೋಗಲೇಬೇಕು. ವಾರಗಟ್ಟಲೆ ಮಾಯದ ಹುಣ್ಣು, ತುಟಿಯ ಮೇಲಿನ ಗಡಸು ಮಚ್ಚೆ, ಹಠಾತ್ತನೆ ಬೆಳೆಯುವ ಮಚ್ಚೆ ಇವನ್ನೂ ತೋರಿಸಬೇಕು.

ಇಷ್ಟು ಹೇಳಿದ ಮಾತ್ರಕ್ಕೆ ಸೂರ್ಯನನ್ನು ಶತ್ರುವೆಂದು ಬಗೆಯಬೇಕಾಗಿಲ್ಲ. ಎಲುಬಿಗೆ ಬೇಕಾದ ಡಿ ಜೀವಸತ್ವವನ್ನು ಚರ್ಮವು ತಯಾರಿಸಿಕೊಳ್ಳುವುದು ಇದೇ ಬಿ ಕಿರಣಗಳ ನೆರವಿನಿಂದ. ಬೇಕಾದದ್ದು ಮಿತಿ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಬಂದು ನೆಲಸಿದ ಶರಣರಲ್ಲಿ ದೋಣಿ ನಡೆಸುವ ಕಾಯಕದ ಅಂಬಿಗರ ಚೌಡಯ್ಯನೂ ಒಬ್ಬ. ಅವನ ಕಾಲದ ಅಂಬಿಗರ ನೆತ್ತಿಯ ಮೇಲೆ ಸುರಿದ ಬಿಸಿಲೇ ಇಂದಿನವರ ಮೇಲೂ ಸುರಿಯುತ್ತಿದೆ. ಅದರೊಳಗೆ ಕಾಣದೆ ಇರುವುದೇನೆಂಬುದು ಅವರಿಗೆ ತಿಳಿದಿರಲಿಲ್ಲ, ನಮಗೆ ತಿಳಿದಿದೆ. ಮುಂದಿನ ರಜೆಯಲ್ಲಿ ಗಾಳ ಹಿಡಿದು ಕೆರೆಗೆ ಹೊರಡುವ ವಿದ್ಯಾರ್ಥಿಯು ಮೊದಲು ತನ್ನ ನೆರಳನ್ನೊಮ್ಮೆ ನೋಡಿಕೊಳ್ಳಲಿ; ತಾನು ತಿಳಿದದ್ದನ್ನು ದಡದಲ್ಲಿ ಬಲೆ ಹೊಲಿಯುತ್ತ ಕುಳಿತ ಹಿರಿಯರಿಗೂ ಹೇಳಲಿ.